ಗಜಕರ್ಣ: ಮುಚ್ಚಿಟ್ಟರೆ ಮನೆಮಂದಿಗೆಲ್ಲ ಹರಡೀತು

ಸೊಂಟದಲ್ಲಿ ಲಂಗದ ಲಾಡಿ ಬಿಗಿಯುವ ಜಾಗದಲ್ಲಿ ತುರಿಕೆ ಶುರುವಾಗುತ್ತದೆ. ಬೆವರುಸಾಲೆ ಇರಬೇಕೆಂದು ಪೌಡರ್ ಹಚ್ಚಿ ಸುಮ್ಮನಾಗುತ್ತೀರಿ. ಕೆಲವು ದಿನಗಳಲ್ಲಿ ಅದು ಉಂಗುರದಂತೆ ದುಂಡಗಾಗಿ, ಅಂಚು ಕೆಂಪಾಗಿ ಉಬ್ಬುತ್ತದೆ. ತೋರಿಸಲು ನಾಚಿಕೆ. ತಿಂಗಳು ಕಳೆಯುವಾಗ ಮಗುವಿನ ಕೆನ್ನೆಯಲ್ಲೂ ಅಂಥದೇ ಒಂದು ಉಂಗುರ!

ಇದು ಗಜಕರ್ಣ. ಹುಳುಕಡ್ಡಿ ಎಂಬ ಹೆಸರೂ ಇದೆ. ಆದರೆ ಇದಕ್ಕೂ ಹುಳುವಿಗೂ ಸಂಬಂಧವಿಲ್ಲ. ಕಾರಣ ಶಿಲೀಂಧ್ರ, ಅಂದರೆ ಫಂಗಸ್. ತೊಡೆಸಂದು, ಕಂಕುಳು, ಸ್ತನಗಳ ಕೆಳಭಾಗ, ಕಾಲ್ಬೆರಳುಗಳ ಸಂದು ಹೀಗೆ ಬೆವರು ನಿಲ್ಲುವಲ್ಲೆಲ್ಲ ಇದು ಬೆಳೆಯುತ್ತದೆ. ಮೈ ತಾಗುವುದರಿಂದ, ಒಂದೇ ಟವೆಲ್, ಬಟ್ಟೆ, ಹಾಸಿಗೆ ಬಳಸುವುದರಿಂದ ಹರಡುತ್ತದೆ. ಸಾಕುಬೆಕ್ಕಿನಿಂದಲೂ ಬರಬಹುದು.

ಟ್ಯೂಬ್ ತರುವ ಮುನ್ನ

ಅಂಗಡಿಯಿಂದ ತಂದ ಯಾವುದೋ ಕ್ರೀಮ್ ಹಚ್ಚಿದರೆ ಎರಡೇ ದಿನದಲ್ಲಿ ತುರಿಕೆ ಮಾಯವಾಗಬಹುದು. ಎಚ್ಚರ! ಅದರಲ್ಲಿ ಸ್ಟೀರಾಯ್ಡ್ ಇರಬಹುದು. ಸ್ಟೀರಾಯ್ಡ್ ತುರಿಕೆಯನ್ನು ಅಡಗಿಸುತ್ತದೆ, ಫಂಗಸನ್ನು ಕೊಲ್ಲುವುದಿಲ್ಲ. ಬಿಟ್ಟ ಕೂಡಲೇ ರೋಗ ದುಪ್ಪಟ್ಟಾಗಿ ಮರಳುತ್ತದೆ. ಚರ್ಮವೂ ತೆಳುವಾಗುತ್ತದೆ. ಟ್ಯೂಬಿನ ಮೇಲೆ ಕ್ಲೋಬೆಟಸಾಲ್, ಬೆಟಾಮೆಥಾಸೋನ್ ಎಂಬ ಹೆಸರುಗಳಿದ್ದರೆ ವೈದ್ಯರು ಹೇಳದೆ ಹಚ್ಚಬೇಡಿ. ಇಂತಹ 14 ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲಿ ಕೇಂದ್ರ ಸರಕಾರ ನಿಯಮ ಮಾಡಿದೆ. ಬೆಳ್ಳುಳ್ಳಿ, ನಿಂಬೆರಸ ಹಚ್ಚಿ ಚರ್ಮ ಸುಟ್ಟುಕೊಳ್ಳುವುದೂ ಬೇಡ.

ಸಣ್ಣ ಕಲೆಗೆ ಕ್ಲೋಟ್ರಿಮಝೋಲ್‌ನಂಥ ಫಂಗಸ್ ನಿವಾರಕ ಕ್ರೀಮ್ ಸಾಕಾಗಬಹುದು. ಜಾಗವನ್ನು ತೊಳೆದು, ಒರೆಸಿ, ಉಂಗುರದ ಅಂಚಿನಿಂದ ಎರಡು ಸೆಂಟಿಮೀಟರ್ ಹೊರಗಿನವರೆಗೂ ದಿನಕ್ಕೆರಡು ಬಾರಿ ಹಚ್ಚಿ. ಕಲೆ ಮಾಯವಾದ ಮೇಲೂ ಎರಡು ವಾರ ಮುಂದುವರಿಸಿ. ಹೆಚ್ಚಿನವರು ಸೋಲುವುದು ಇಲ್ಲೇ. ತುರಿಕೆ ನಿಂತಿತೆಂದು ಟ್ಯೂಬನ್ನು ಮೂಲೆಗೆಸೆಯುತ್ತಾರೆ.

ಮನೆಯಲ್ಲಿ ಪಾಲಿಸಬೇಕಾದದ್ದು

* ಪ್ರತಿಯೊಬ್ಬರಿಗೂ ಬೇರೆ ಟವೆಲ್, ಬೇರೆ ಬಾಚಣಿಗೆ ಇರಲಿ.
* ಒಳಉಡುಪು, ಟವೆಲ್, ಹಾಸಿಗೆ ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆದು, ಒಳಮಗ್ಗುಲು ಮೇಲೆ ಮಾಡಿ ಬಿಸಿಲಿಗೆ ಹರವಿ. ಮಳೆಗಾಲದಲ್ಲಿ ಇಸ್ತ್ರಿ ಮಾಡಿ ಪೂರ್ತಿ ಒಣಗಿಸಿಯೇ ತೊಡಿ.
* ಸ್ನಾನದ ಬಳಿಕ, ವುಝೂವಿನ ಬಳಿಕ ಕಾಲ್ಬೆರಳುಗಳ ಸಂದುಗಳನ್ನು ಒರೆಸಿಕೊಳ್ಳಿ. ಒದ್ದೆ ಕಾಲಿಗೆ ಸಾಕ್ಸ್ ಹಾಕಬೇಡಿ.
* ಬೆವರಿದ ಬುರ್ಖಾ, ಸ್ಕಾರ್ಫ್‌ಗಳನ್ನು ಹಾಗೆಯೇ ಮಡಚಿಡದೆ ಒಗೆದು ಒಣಗಿಸಿ. ಒಳಗೆ ಸಡಿಲವಾದ ಹತ್ತಿ ಬಟ್ಟೆ ತೊಡಿ.
* ಮನೆಯಲ್ಲಿ ಯಾರಿಗೆಲ್ಲ ಇದೆಯೋ ಅವರೆಲ್ಲರೂ ಒಟ್ಟಿಗೇ ಚಿಕಿತ್ಸೆ ಪಡೆಯಿರಿ. ಇಲ್ಲವಾದರೆ ಒಬ್ಬರಿಂದೊಬ್ಬರಿಗೆ ಸುತ್ತುತ್ತಲೇ ಇರುತ್ತದೆ.

ವೈದ್ಯರ ಬಳಿ ಯಾವಾಗ?

ಎರಡು ವಾರಗಳಲ್ಲಿ ಕಡಿಮೆಯಾಗದಿದ್ದರೆ, ಹಲವು ಕಡೆ ಹರಡಿದ್ದರೆ, ಈಗಾಗಲೇ ಸ್ಟೀರಾಯ್ಡ್ ಹಚ್ಚಿದ್ದರೆ ಚರ್ಮವೈದ್ಯರನ್ನು ಕಾಣಿರಿ. ಮಗುವಿನ ತಲೆಯಲ್ಲಿ ಕೂದಲುದುರಿ ಹೊಪ್ಪಳೆ ಎದ್ದಿದ್ದರೆ ಬರೇ ಮುಲಾಮು ಸಾಲದು, ಒಳಗೆ ಔಷಧಿ ಬೇಕು. ಉಗುರಿಗೆ ತಗಲಿದ್ದರೂ ವೈದ್ಯರಿಗೆ ತೋರಿಸಿ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಕೇಳದೆ ಮಾತ್ರೆ ನುಂಗಬಾರದು. ಮತ್ತೆ ಮತ್ತೆ ಬರುತ್ತಿದ್ದರೆ ರಕ್ತದಲ್ಲಿ ಸಕ್ಕರೆಯ ಪ್ರಮಾಣವನ್ನೂ ಪರೀಕ್ಷಿಸಿಕೊಳ್ಳಿ.

ತೊಡೆಸಂದಿನ ತುರಿಕೆಯನ್ನು ಹೇಗೆ ಹೇಳುವುದು ಎಂಬ ಸಂಕೋಚವೇ? ಮಹಿಳಾ ವೈದ್ಯರ ಬಳಿ ಹೋಗಿ. ನಿಮಗೆ ಗಜಕರ್ಣ ಬಂದದ್ದು ಕೊಳಕಿನಿಂದಲ್ಲ, ಅದು ನಿಮ್ಮ ತಪ್ಪೂ ಅಲ್ಲ. ಆದರೆ ನಾಚಿಕೆಯಿಂದ ಮುಚ್ಚಿಟ್ಟರೆ ನಿಮ್ಮ ಮಡಿಲಲ್ಲಿ ಮಲಗುವ ಮಗುವಿಗೂ ಅದು ತಗಲೀತು.