ಅರ್ಧ ನಾಲಿಗೆಯ ಮಾತು

ಈ ಮಾತನ್ನು ರೇಡಿಯೋದಲ್ಲಿ ಕೇಳಿದವರಿಗೆ ನನ್ನ ಕೆಲವು ಅಕ್ಷರಗಳು ಜಾರಿದ್ದು ಗೊತ್ತಾಗಿರುತ್ತದೆ. ಇಲ್ಲಿ ಓದುತ್ತಿರುವವರಿಗೆ ಅದು ಕಾಣುವುದಿಲ್ಲ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ನನ್ನ ಬಾಯಿಯಲ್ಲಿ ಬಲಗಡೆಯ ಅರ್ಧ ಮಾತ್ರ ನಾಲಿಗೆ. ಎಡಗಡೆಯದ್ದು ನನ್ನ ಎಡ ಮುಂಗೈಯ ಚರ್ಮ. ಮೂರು ವರ್ಷದ ಹಿಂದೆ, ಇಲ್ಲೇ ಇಂಗ್ಲೆಂಡಿನಲ್ಲಿ, ನಾಲಿಗೆ ಕ್ಯಾನ್ಸರ್‌ಗೆ ನನಗೆ ಆಪರೇಷನ್ ಆಯಿತು.

ನಾನು ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುವವನು. ‘ಹುಲಿ’ ಬೇರೆ ‘ಹುಳಿ’ ಬೇರೆ, ‘ಬಲೆ’ ಬೇರೆ ‘ಬಳೆ’ ಬೇರೆ ಎಂದು ಎಷ್ಟೋ ವರ್ಷ ನಿಮ್ಮಂಥವರ ತಲೆ ತಿಂದಿದ್ದೇನೆ. ಅಂಥವನ ನಾಲಿಗೆಯನ್ನೇ ಅರ್ಧ ಕತ್ತರಿಸಬೇಕು ಎಂದರೆ ಹೇಗಿರುತ್ತದೆ, ಊಹಿಸಿಕೊಳ್ಳಿ.

ಶುರುವಾಗಿದ್ದು ನಾಲಿಗೆಯ ಅಂಚಿನಲ್ಲಿ ಒಂದು ಹುಣ್ಣಿನಿಂದ. ಬಾಯಿಹುಣ್ಣು ಯಾರಿಗೆ ಆಗುವುದಿಲ್ಲ? ಬಿ ವಿಟಮಿನ್ ಮಾತ್ರೆ ನುಂಗಿದೆ, ಜೇನುತುಪ್ಪ ಸವರಿದೆ. ಸಾಮಾನ್ಯ ಹುಣ್ಣು ಎರಡು ವಾರದಲ್ಲಿ ಮಾಯುತ್ತದೆ. ಮೂರು ವಾರ ದಾಟಿಯೂ ಮಾಯದ ಹುಣ್ಣು ಕಂಡರೆ, ಅದಕ್ಕೆ ಬೇರೆ ಕಾರಣ ಕಾಣದಿದ್ದರೆ, ಕ್ಯಾನ್ಸರ್ ಅನುಮಾನದ ದಾರಿಯಲ್ಲಿ ಬೇಗ ಕಳಿಸಬೇಕು ಎಂಬುದು ಇಲ್ಲಿನ ವೈದ್ಯರಿಗಿರುವ ನಿಯಮ. ನಾನು ಒಂಬತ್ತು ವಾರ ಕಾದೆ. ನೋವಿರಲಿಲ್ಲ, ಅದೇ ಮೋಸ ಮಾಡಿದ್ದು. ಕೊನೆಗೆ ಹಲ್ಲು ಕ್ಲೀನ್ ಮಾಡಿಸಲು ಹೋದಾಗ ದಂತವೈದ್ಯೆ ಕೈಗವಸಿನ ಬೆರಳಿನಿಂದ ಹುಣ್ಣಿನ ಅಂಚನ್ನು ಒತ್ತಿ ನೋಡಿದರು. ಗಟ್ಟಿಯಾಗಿತ್ತು. ಅವರ ಮುಖ ಬದಲಾಯಿತು.

ಬಯಾಪ್ಸಿಗೆ ಮುಂಚೆ ಊರಿನಿಂದ ಫೋನಿನ ಮೇಲೆ ಫೋನು. ‘ಕತ್ತರಿ ತಾಗಿಸಬೇಡ, ಹರಡುತ್ತದೆ’ ಎಂದರು ಒಬ್ಬ ದೊಡ್ಡಪ್ಪ. ಇದನ್ನು ನೀವೂ ಮುಂದೆ ಎಂದಾದರೂ ಕೇಳುತ್ತೀರಿ, ಅದಕ್ಕೇ ಹೇಳುತ್ತಿದ್ದೇನೆ. ಬಾಯಿಯ ಹುಣ್ಣಿನಿಂದ ಅಕ್ಕಿಕಾಳಿನಷ್ಟು ಚೂರು ತೆಗೆದು ಪರೀಕ್ಷಿಸಿದರೆ ಕ್ಯಾನ್ಸರ್ ಹರಡುವುದಿಲ್ಲ. ಹರಡುವುದು ಸುಮ್ಮನೆ ಕಾಯುವ ತಿಂಗಳುಗಳಲ್ಲಿ.

ವೈದ್ಯರು ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು: ‘ಸಿಗರೇಟು? ಮದ್ಯ? ಅಡಿಕೆ?’ ಮೊದಲೆರಡಕ್ಕೆ ಇಲ್ಲ ಎಂದೆ. ಮೂರನೆಯದಕ್ಕೆ ಬಾಯಿ ಕಟ್ಟಿತು. ನಾನು ಮಲೆನಾಡಿನ ಅಡಿಕೆ ತೋಟದ ಮನೆಯವನು. ನನ್ನ ಕಾಲೇಜು ಫೀಸು, ಈ ದೇಶಕ್ಕೆ ಬಂದ ವಿಮಾನದ ಟಿಕೆಟ್ಟು, ಎಲ್ಲ ಅಡಿಕೆಯದ್ದೇ. ಊಟವಾದ ಮೇಲೆ ಒಂದು ಚೂರು ಎಡದವಡೆಗೆ ಹಾಕಿಕೊಳ್ಳುವುದು ನನ್ನ ಪಾಲಿಗೆ ಚಟವೇ ಆಗಿರಲಿಲ್ಲ, ಮನೆಯ ನೆನಪು. ತಂಬಾಕು ಸೇರಿಸಿದರೆ ಮಾತ್ರ ಕೆಟ್ಟದ್ದು ಎಂದು ನಮ್ಮಲ್ಲಿ ಎಲ್ಲರ ನಂಬಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲೇ ತಂಬಾಕಿಲ್ಲದ ಎಲೆಅಡಿಕೆ, ಅಷ್ಟೇಕೆ ಬರೀ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಹೇಳಿದೆ. ಭಾರತದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ಕರ್ನಾಟಕ. ನನ್ನ ಕ್ಯಾನ್ಸರ್ ಅದರಿಂದಲೇ ಬಂತೆಂದು ಯಾರೂ ಪ್ರಮಾಣ ಮಾಡಲಾರರು. ನನ್ನ ತಮ್ಮ ಇವತ್ತಿಗೂ ಅದೇ ತೋಟ ನೋಡಿಕೊಳ್ಳುತ್ತಾನೆ. ಈ ವಿಷಯ ಬಂದರೆ ನಾವಿಬ್ಬರೂ ಮಳೆಯ ಮಾತು ತೆಗೆಯುತ್ತೇವೆ.

ಶಾಲೆಯಲ್ಲಿ ಎಚ್‌ಪಿವಿ ಲಸಿಕೆ ಹಾಕಿಸಿಕೊಂಡವರು ‘ಅದು ಇದಕ್ಕೇ ಅಲ್ಲವೇ?’ ಎಂದು ಕೇಳುತ್ತೀರಿ. ಆ ವೈರಸ್ಸಿಗೆ ಹೆಚ್ಚು ಸಂಬಂಧವಿರುವುದು ನಾಲಿಗೆಯ ಬುಡ ಮತ್ತು ಟಾನ್ಸಿಲ್‌ನ ಕ್ಯಾನ್ಸರ್‌ಗೆ. ನನ್ನದು ಕನ್ನಡಿಯಲ್ಲಿ ಕಾಣುವ ಮುಂಭಾಗದ್ದು. ಲಸಿಕೆ ಮಾತ್ರ ಖಂಡಿತ ಹಾಕಿಸಿಕೊಳ್ಳಿ.

ಸರ್ಜನ್ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಗಡ್ಡೆಯ ಸುತ್ತ ಸುಮಾರು ಒಂದು ಸೆಂಟಿಮೀಟರ್ ಒಳ್ಳೆಯ ಮಾಂಸವನ್ನೂ ಸೇರಿಸಿ ತೆಗೆಯಬೇಕು. ಉಳಿದದ್ದನ್ನು ಹಾಗೇ ಹೊಲಿದರೆ ನಾಲಿಗೆ ಬಾಯಿಯ ತಳಕ್ಕೆ ಕಟ್ಟಿಹಾಕಿದಂತಾಗುತ್ತದೆ. ಅದಕ್ಕೆ ಮುಂಗೈಯಿಂದ ತೆಳ್ಳನೆಯ ಚರ್ಮವನ್ನು ಅದರ ರಕ್ತನಾಳಗಳ ಸಮೇತ ತೆಗೆದು, ನಾಲಿಗೆಯ ಆಕಾರಕ್ಕೆ ಹೊಲಿದು, ಆ ನಾಳಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಕುತ್ತಿಗೆಯ ನಾಳಗಳಿಗೆ ಜೋಡಿಸುತ್ತಾರೆ. ಚೀನಾದ ಸರ್ಜನ್‌ಗಳು 1981ರಲ್ಲಿ ಪ್ರಕಟಿಸಿದ ವಿಧಾನ ಇದು, ಹಾಗಾಗಿ ‘ಚೈನೀಸ್ ಫ್ಲ್ಯಾಪ್’ ಎಂಬ ಅಡ್ಡಹೆಸರು. ಹತ್ತು ಗಂಟೆಯ ಕೆಲಸ.

ಜೊತೆಗೆ ಕುತ್ತಿಗೆಯನ್ನೂ ಕೊಯ್ದು ಅಲ್ಲಿನ ಗ್ರಂಥಿಗಳನ್ನು ತೆಗೆಯುತ್ತೇವೆ ಎಂದರು. ‘ಸ್ಕ್ಯಾನ್‌ನಲ್ಲಿ ಕುತ್ತಿಗೆ ಸ್ವಚ್ಛವಾಗಿದೆಯಲ್ಲ?’ ಎಂದು ವಾದ ಹೂಡಿದೆ. ಅವರು ನಕ್ಕು, ‘ಇದಕ್ಕೆ ಉತ್ತರ ಕೊಟ್ಟವರು ನಿಮ್ಮ ದೇಶದವರೇ’ ಎಂದರು. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ನನ್ನಂಥ ಐನೂರು ರೋಗಿಗಳ ಫಲಿತಾಂಶವನ್ನು 2015ರಲ್ಲಿ ಪ್ರಕಟಿಸಿದರು. ಮೊದಲೇ ಕುತ್ತಿಗೆಯ ಗ್ರಂಥಿ ತೆಗೆಸಿಕೊಂಡವರಲ್ಲಿ ಮೂರು ವರ್ಷದ ನಂತರ ಬದುಕಿದ್ದವರು ಶೇಕಡಾ 80. ‘ಬಂದರೆ ಆಮೇಲೆ ನೋಡೋಣ’ ಎಂದು ಕಾದವರಲ್ಲಿ 67.5. ನಾನು ಸಹಿ ಹಾಕಿದೆ. ಒಳ್ಳೆಯದೇ ಆಯಿತು: ಸ್ಕ್ಯಾನ್‌ಗೆ ಕಾಣದ ಕ್ಯಾನ್ಸರ್ ಒಂದು ಗ್ರಂಥಿಯಲ್ಲಿ ಇತ್ತು.

ಇಷ್ಟೆಲ್ಲ ತಿಳಿದ ಮೇಲೂ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ನನಗೆ ಬೇಕಿದ್ದದ್ದು ಶೇಕಡಾ ಲೆಕ್ಕವಲ್ಲ. ಎದ್ದ ತಕ್ಷಣ ಹೇಗಿರುತ್ತದೆ? ಹೆಂಡತಿಯನ್ನು ಹೇಗೆ ಕರೆಯಲಿ? ಅನ್ನ ಸಾರು ಯಾವಾಗ? ಕ್ಯಾನ್ಸರ್ ನರ್ಸ್ ಇದನ್ನು ಹೇಗೋ ಕಂಡುಹಿಡಿದರು. ‘ಇದೇ ಆಪರೇಷನ್ ಆದವರನ್ನು ನೋಡುತ್ತೀರಾ? ಗುರುವಾರ ಕೆಲವರು ಸೇರುತ್ತಾರೆ’ ಎಂದರು.

ಹೋಗಲು ಮನಸ್ಸಿರಲಿಲ್ಲ. ಕಾಯಿಲೆಯವರ ನಡುವೆ ಕೂತು ಅಳುವುದು ನಮಗೆ ಹೇಳಿಸಿದ್ದಲ್ಲ ಎಂಬ ಬಿಂಕ. ಹೋದರೆ ಅಲ್ಲಿ ಒಬ್ಬ ಲಾರಿ ಡ್ರೈವರ್ ಬಾಯಿ ತೆರೆದು ತೋರಿಸುತ್ತಿದ್ದ. ಮುಂಗೈ ಚರ್ಮ ತಾನೇ, ಅವನ ಹೊಸ ನಾಲಿಗೆಯ ಮೇಲೆ ಕೂದಲು ಬೆಳೆದಿತ್ತು! ‘ಶೇವ್ ಮಾಡಿಸಿಕೋ ಅಂತ ಹೆಂಡತಿ ಬೈತಾಳೆ’ ಎಂದ. ರೋಗ ಗೊತ್ತಾದ ಮೇಲೆ ನಾನು ನಕ್ಕಿದ್ದು ಅವತ್ತೇ ಮೊದಲು. ಅವನ ಪಕ್ಕದಲ್ಲಿ ಒಬ್ಬಳು ಪ್ರೈಮರಿ ಶಾಲೆಯ ಟೀಚರ್. ಮೂವತ್ತು ದಾಟಿದ್ದಳೋ ಇಲ್ಲವೋ. ಸಿಗರೇಟು, ಅಡಿಕೆ ಏನನ್ನೂ ಮುಟ್ಟದವಳು.

ಮೂಲೆಯಲ್ಲಿ ಜಾಫ್ನಾ ಕಡೆಯ ಒಬ್ಬ ಹಿರಿಯರು, ಬಸ್ ಓಡಿಸಿ ನಿವೃತ್ತರಾದವರು. ಅವರ ಇಂಗ್ಲಿಷ್ ತೊದಲುತ್ತಿತ್ತು, ಆದರೆ ಅರ್ಥವಾಗುತ್ತಿತ್ತು. ನನ್ನ ಪಾಲಿನ ಗುರು ಅವರೇ. ಒಂದು ಗಂಟೆಯಲ್ಲಿ ಅವರು ಹೇಳಿದ್ದು ಯಾವ ಕೈಪಿಡಿಯಲ್ಲೂ ಇರಲಿಲ್ಲ. ‘ಎದ್ದಾಗ ದನಿ ಇರುವುದಿಲ್ಲ, ಗಂಟಲಲ್ಲಿ ಉಸಿರಾಟದ ಕೊಳವೆ ಇರುತ್ತದೆ. ಅದು ಗೊತ್ತಿಲ್ಲದೆ ನಾನು ಕಿರುಚಲು ನೋಡಿದೆ, ಅದೇ ನನ್ನ ಬದುಕಿನ ಅತಿ ಕೆಟ್ಟ ನಿಮಿಷ. ನಿಮಗೆ ಹಾಗಾಗುವುದಿಲ್ಲ, ಯಾಕೆಂದರೆ ಈಗ ಗೊತ್ತಾಯಿತು. ಸ್ಲೇಟು ತೆಗೆದುಕೊಂಡು ಹೋಗಿ. ರಾತ್ರಿಯೆಲ್ಲ ಗಂಟೆಗೊಮ್ಮೆ ಬಂದು ನಾಲಿಗೆಯ ಬಣ್ಣ, ಬಿಸಿ ನೋಡುತ್ತಾರೆ. ಏನೋ ಕೆಟ್ಟಿತು ಎಂದುಕೊಳ್ಳಬೇಡಿ, ರಕ್ತ ಓಡುತ್ತಿದೆಯೇ ನೋಡುವುದಷ್ಟೇ. ನಾಲ್ಕನೇ ದಿನ ಕನ್ನಡಿ ಕೇಳಬೇಡಿ. ಮುಖ ಆಗ ತುಂಬಾ ಊದಿರುತ್ತದೆ. ಎರಡು ವಾರ ಬಿಟ್ಟು ನೋಡಿ.’

ಎಲ್ಲವೂ ಹಾಗೇ ಆಯಿತು. ಕಣ್ಣು ಬಿಟ್ಟಾಗ ದನಿ ಇರಲಿಲ್ಲ, ನಾನು ಕಿರುಚಲೂ ಇಲ್ಲ. ಸ್ಲೇಟಿನ ಮೇಲೆ ‘ಪರದೆ’ ಎಂದು ಬರೆದೆ, ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಮಗಳು ಪ… ರ… ದೆ… ಎಂದು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಎಂಟು ವರ್ಷಕ್ಕೇ ನನ್ನ ಕ್ಲಾಸು ಬಿಟ್ಟವಳು ಅವಳು. ‘ಅಪ್ಪಾ, ಪರದೆ ಅಂದ್ರೇನು?’ ಎಂದಳು. ಹೇಳಲು ನನಗೆ ಬಾಯಿಲ್ಲ. ಕಿಟಕಿಯ ಕಡೆ ಕೈ ತೋರಿಸಿದೆ.

ಮೂಗಿನ ನಳಿಗೆ ತೆಗೆದ ಮೇಲೆ ನುಂಗುವುದನ್ನು ಕೂಸಿನ ಹಾಗೆ ಮತ್ತೆ ಕಲಿತೆ. ತಲೆಯನ್ನು ಒಳ್ಳೆಯ ಬದಿಗೆ ಸ್ವಲ್ಪ ವಾಲಿಸಿದರೆ ತುತ್ತು ಸರಿಯಾದ ಕಡೆಗೆ ಜಾರುತ್ತದೆ ಎಂದು ತೋರಿಸಿಕೊಟ್ಟದ್ದು ಸ್ಪೀಚ್ ಥೆರಪಿಸ್ಟ್. ಆದರೆ ಆಸ್ಪತ್ರೆಯ ಕಸ್ಟರ್ಡ್ ಬದಲು ರಾಗಿ ಅಂಬಲಿ, ಚೆನ್ನಾಗಿ ಕಿವುಚಿದ ಮಜ್ಜಿಗೆ ಅನ್ನ ಎಂದದ್ದು ಜಾಫ್ನಾದ ಹಿರಿಯರು. ಅವರಲ್ಲೂ ಅದೇ ಊಟ. ಥೆರಪಿಸ್ಟ್ ಅಂಬಲಿಯನ್ನು ಚಮಚದಲ್ಲಿ ಎತ್ತಿ ಸುರಿದು, ಅದರ ಮಂದ ನೋಡಿ ಒಪ್ಪಿದರು.

ಮಾತಿನದ್ದು ಬೇರೆಯೇ ಕಥೆ. ಇಂಗ್ಲಿಷ್ ಅಭ್ಯಾಸದ ಹಾಳೆಯಲ್ಲಿ ‘ಳ’ ಇಲ್ಲ, ‘ಣ’ ಇಲ್ಲ. ನಾನು ನಮ್ಮ ವರ್ಣಮಾಲೆಯನ್ನೇ ಬರೆದುಕೊಂಡು ಹೋದೆ. ಕ ವರ್ಗ ನಾಲಿಗೆಯ ಹಿಂಭಾಗದ್ದು, ಚ ವರ್ಗ ಅಂಗುಳಿನದ್ದು, ಟ ವರ್ಗ ತುದಿ ಮೇಲಕ್ಕೆ ಸುರುಳಿದ್ದು, ತ ವರ್ಗ ಹಲ್ಲಿನದ್ದು, ಪ ವರ್ಗ ತುಟಿಯದ್ದು. ನೀವು ಬಾಯಿಪಾಠ ಮಾಡಿದ ಆ ಸಾಲುಗಳು ಗಂಟಲಿನಿಂದ ತುಟಿಯವರೆಗಿನ ಬಾಯಿಯ ನಕ್ಷೆ! ಥೆರಪಿಸ್ಟ್ ಆ ಹಾಳೆಯ ಫೋಟೋ ತೆಗೆದುಕೊಂಡರು. ಪ ವರ್ಗಕ್ಕೆ ನಾಲಿಗೆಯೇ ಬೇಡ, ಹಾಗಾಗಿ ‘ಅಮ್ಮ’, ‘ಅಪ್ಪ’ ಮೊದಲ ದಿನವೇ ಬಂದವು. ‘ಕನ್ನಡ’ದ ಕ ಬಂತು, ನ ಅರೆಬರೆ ಬಂತು, ಡ ಬರಲಿಲ್ಲ. ಜಾಫ್ನಾದ ಹಿರಿಯರಿಗೆ ‘ತಮಿೞ್’ನ ಕೊನೆಯ ಅಕ್ಷರ ಹೋಗಿತ್ತು. ಕನ್ನಡದಲ್ಲೂ ಹಿಂದೆ ಆ ೞ ಇತ್ತು, ನಾವದನ್ನು ಬಿಟ್ಟು ಶತಮಾನಗಳಾದವು. ‘ನೀವು ಪುಣ್ಯವಂತರು, ಒಂದು ಅಕ್ಷರ ಕಡಿಮೆ ಕಳೆದುಕೊಂಡಿರಿ’ ಎಂದರು.

ಗ್ರಂಥಿಯಲ್ಲಿ ಕ್ಯಾನ್ಸರ್ ಸಿಕ್ಕಿದ್ದರಿಂದ ರೇಡಿಯೇಷನ್ ಬೇಕಾಯಿತು. ಸೋಮವಾರದಿಂದ ಶುಕ್ರವಾರ, ಆರು ವಾರ, ಮೂವತ್ತು ಸಲ. ಮುಖದ ಮೇಲೆ ಬಲೆಯಂಥ ಪ್ಲಾಸ್ಟಿಕ್ ಮುಖವಾಡ ಹಾಕಿ ಮೇಜಿಗೆ ಬಿಗಿಯುತ್ತಾರೆ. ‘ನಿಮ್ಮದೇ ಹಾಡು ಹಾಕಲು ಕೇಳಿ, ನಿಮಿಷ ಎಣಿಸಬೇಡಿ, ಹಾಡು ಎಣಿಸಿ’ ಎಂದಿದ್ದಳು ಟೀಚರ್. ನನ್ನದು ದಿನಕ್ಕೆ ಮೂರು ಹಾಡಿನ ಚಿಕಿತ್ಸೆ.

ಇಂಥ ಗುಂಪುಗಳಿಂದ ಆಯುಸ್ಸು ಹೆಚ್ಚುತ್ತದೆಯೇ? ಸ್ಟ್ಯಾನ್‌ಫರ್ಡ್‌ನ ಡೇವಿಡ್ ಸ್ಪೀಗಲ್ ಎಂಬ ಮನೋವೈದ್ಯರು 1989ರಲ್ಲಿ ಹಾಗೆಂದರು. ಹರಡಿದ ಸ್ತನ ಕ್ಯಾನ್ಸರ್ ಇದ್ದ 86 ಮಹಿಳೆಯರಲ್ಲಿ, ವಾರವಾರ ಗುಂಪಿನಲ್ಲಿ ಸೇರಿದವರು ಸುಮಾರು ಎರಡು ಪಟ್ಟು ಕಾಲ ಬದುಕಿದರು ಎಂದು. ಜಗತ್ತು ಕುಣಿದಾಡಿತು. ಆದರೆ 2001ರಲ್ಲಿ ಕೆನಡಾದವರು ದೊಡ್ಡದಾಗಿ ಪರೀಕ್ಷಿಸಿದಾಗ ಆಯುಸ್ಸು ಹೆಚ್ಚಲಿಲ್ಲ, 2007ರಲ್ಲಿ ಸ್ವತಃ ಸ್ಪೀಗಲ್ ಮತ್ತೆ ಮಾಡಿದಾಗಲೂ ಒಟ್ಟಾರೆ ಹೆಚ್ಚಲಿಲ್ಲ. ಕೆನಡಾದವರು ಕಂಡದ್ದು ಬೇರೆ: ಗುಂಪಿಗೆ ಹೋದವರಿಗೆ ಮನಸ್ಸಿನ ಸಂಕಟ ಮತ್ತು ನೋವು ಕಡಿಮೆ ಅನಿಸಿತು, ಮೊದಲು ಹೆಚ್ಚು ಕಂಗೆಟ್ಟಿದ್ದವರಿಗೆ ಹೆಚ್ಚು. ನನಗೆ ಅಷ್ಟು ಸಾಕು.

ಅದಕ್ಕೊಂದು ಬೆಲೆಯೂ ಇದೆ. ಲಾರಿ ಡ್ರೈವರ್‌ಗೆ ಎರಡನೇ ವರ್ಷ ಕುತ್ತಿಗೆಯಲ್ಲಿ ಮತ್ತೆ ಬಂತು. ಅವನ ಕುರ್ಚಿಯಲ್ಲಿ ನಾವು ಕೆಲವು ವಾರ ಯಾರೂ ಕೂರಲಿಲ್ಲ. ನನ್ನ ಹೆಂಡತಿ ‘ಇನ್ನು ಅಲ್ಲಿಗೆ ಹೋಗಬೇಡಿ’ ಎಂದಳು. ಎರಡು ಗುರುವಾರ ಬಿಟ್ಟೆ. ಮೂರನೆಯದಕ್ಕೆ ಹೋದೆ.

ನಿಮಗೊಂದು ಮಾತು. ಅಜ್ಜಿಯೋ ತಾತನೋ ಇಲ್ಲಿಗೆ ಬಂದಾಗ ಆಸ್ಪತ್ರೆಯಲ್ಲಿ ನೀವೇ ದುಭಾಷಿ ಆಗುತ್ತೀರಿ, ನನಗೆ ಗೊತ್ತು. ಕ್ಯಾನ್ಸರ್‌ನಂಥ ಸುದ್ದಿಯನ್ನು ಮೊಮ್ಮಕ್ಕಳ ಬಾಯಿಂದ ಹೇಳಿಸುವುದು ಯಾರಿಗೂ ಒಳ್ಳೆಯದಲ್ಲ. ಎನ್‌ಎಚ್‌ಎಸ್‌ನಲ್ಲಿ ದುಭಾಷಿಯ ಸೇವೆ ಉಚಿತ, ಅಪಾಯಿಂಟ್‌ಮೆಂಟ್‌ಗೆ ಮೊದಲೇ ಕೇಳಿ. ನಿಮ್ಮ ಕನ್ನಡವನ್ನು ಆಮೇಲೆ ಅವರ ಪಕ್ಕ ಕೂತು ಬಳಸಿ.

ಆರು ತಿಂಗಳ ನಂತರ ಭಾನುವಾರದ ತರಗತಿಗೆ ಮರಳಿದೆ. ‘ಹುಳಿ’ ಎನ್ನಲು ಹೋಗಿ ‘ಹುಲಿ’ ಎಂದೆ. ಹನ್ನೊಂದು ವರ್ಷದ ಒಬ್ಬ ಹುಡುಗ ಕೂಗಿದ: ‘ಸರ್, ನೀವೀಗ ನಮ್ಮ ಥರಾನೇ ಮಾತಾಡ್ತೀರಿ!’ ಅವನ ತಾಯಿ ಗದರಿಸಿದರು, ನಾನು ಬೇಡವೆಂದೆ. ಈಗ ಮೊದಲ ಹತ್ತು ನಿಮಿಷ ನಾವೆಲ್ಲ ಒಟ್ಟಿಗೆ ‘ಳ’ ಅಭ್ಯಾಸ ಮಾಡುತ್ತೇವೆ. ಅವನದ್ದು ಬಂದಾಯಿತು. ನನ್ನದು ಐದಕ್ಕೆ ಮೂರು ಸಲ ಬರುತ್ತದೆ.

ಗುರುವಾರ ಈಗಲೂ ಹೋಗುತ್ತೇನೆ. ಕಳೆದ ತಿಂಗಳು ಒಬ್ಬ ಗುಜರಾತಿ ಮನುಷ್ಯ ಬಂದಿದ್ದ, ಮುಂದಿನ ವಾರ ಅವನ ಆಪರೇಷನ್. ಅರ್ಧ ಗಂಟೆ ಸುಮ್ಮನೆ ಕೂತಿದ್ದು, ಹೊರಡುವಾಗ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ: ‘ರೊಟ್ಟಿ ತಿನ್ನಲು ಆಗುತ್ತದಾ?’

‘ಎಂಟನೇ ತಿಂಗಳಿಗೆ,’ ಎಂದೆ. ‘ಮೊದಲು ದಾಲ್‌ನಲ್ಲಿ ನೆನೆಸಿ. ಬಲಗಡೆಯಿಂದ.’