ಎಲೆಯಡಿಯಲ್ಲೊಂದು ಗಾಜಿನ ಮನೆ

ಕೊಳದ ಈ ತುದಿಯಿಂದ ಆ ತುದಿಯವರೆಗೆ ಬರೀ ಎಲೆ! ಅಂಚನ್ನು ಯಾರೋ ಅಳತೆ ಹಿಡಿದು ಮೇಲಕ್ಕೆ ಮಡಚಿದಂತಿರುವ ದೊಡ್ಡ ದೊಡ್ಡ ಹಸಿರು ಹರಿವಾಣಗಳು, ಒಂದಕ್ಕೊಂದು ತಾಗಿ ತೇಲುತ್ತಿವೆ. ಮಕ್ಕಳು ಓಡಿಹೋಗಿ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತವರು ಮಾತೇ ಆಡಲಿಲ್ಲ. ಮಾರಿಷಸ್ ಎಂದರೆ ಸಮುದ್ರ, ಮರಳು, ಹವಳದ ದಿಬ್ಬ ಎಂದುಕೊಂಡು ಬಂದವರು ನಾವು. ಪೋರ್ಟ್ ಲೂಯಿಯಿಂದ ಉತ್ತರಕ್ಕೆ ಅರ್ಧ ಗಂಟೆಯೂ ಹಿಡಿಯದ ದಾರಿಯಲ್ಲಿ, ಪಾಂಪ್ಲೆಮೂಸ್ ಎಂಬ ಊರಿನ ಈ ಸಸ್ಯೋದ್ಯಾನಕ್ಕೆ ಕಾಲಿಟ್ಟ ಮೇಲೆ ಸಮುದ್ರದ ನೆನಪೇ ಯಾರಿಗೂ ಬರಲಿಲ್ಲ.

ಇದು ಅಮೆಜಾನ್ ನದಿಯ ದೈತ್ಯ ನೈದಿಲೆ, ವಿಕ್ಟೋರಿಯಾ ಅಮೆಜಾನಿಕಾ. ಎಲೆಯ ಅಗಲ ಎರಡು ಮೀಟರ್ ದಾಟುವುದೂ ಉಂಟು. ಮಳೆ ಬಂದರೆ ಅಂಚಿರುವ ಎಲೆಯಲ್ಲಿ ನೀರು ತುಂಬಿ ಮುಳುಗಬೇಕಲ್ಲ? ಮುಳುಗುವುದಿಲ್ಲ! ಅಂಚಿನಲ್ಲಿ ಎದುರುಬದುರಾಗಿ ಎರಡು ಕಡೆ ಸೀಳು ಬಿಟ್ಟಿದೆ, ನೀರು ಅಲ್ಲಿಂದ ಹರಿದುಹೋಗುತ್ತದೆ. ಸಾಲದ್ದಕ್ಕೆ ಎಲೆಯ ಮೈತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳೂ ಇವೆ.

ಆದರೆ ನಿಜವಾದ ಅಚ್ಚರಿ ಇರುವುದು ಅಡಿಯಲ್ಲಿ. ಕೊಳಕ್ಕಿಳಿದಿದ್ದ ತೋಟದ ಕೆಲಸಗಾರ ಹಣ್ಣಾದ ಎಲೆಯೊಂದನ್ನು ಕತ್ತರಿಸಿ, ನಮ್ಮ ಕುತೂಹಲ ನೋಡಿ, ದಂಡೆಗೆ ಎಳೆದು ತಂದು ಮಗುಚಿ ಹಾಕಿದ. ಅಬ್ಬಾ! ಮೇಲಿನ ಹಸಿರೆಲ್ಲಿ, ಅಡಿಯ ಈ ಕೆಂಪು-ನೇರಳೆ ಎಲ್ಲಿ! ತೊಟ್ಟು ಕೂಡುವ ನಡುವಿನಿಂದ ಹೆಬ್ಬೆರಳು ಗಾತ್ರದ ನರಗಳು ಸುತ್ತಲೂ ಹೊರಟಿವೆ, ಹೋಗ್ತಾ ಹೋಗ್ತಾ ಕವಲೊಡೆದಿವೆ, ಒಂದು ನರದಿಂದ ಇನ್ನೊಂದಕ್ಕೆ ಅಡ್ಡಪಟ್ಟಿಗಳು ಬಿಗಿದಿವೆ. ನರಗಳ ಒಳಗೆಲ್ಲ ಗಾಳಿ. ಮೇಲೆ ಬೆರಳುದ್ದದ ಮುಳ್ಳುಗಳ ಕಾವಲು, ಮೀನುಗಳು ಬಾಯಿ ಹಾಕದಿರಲೆಂದು. ಮಗಳು ಮುಳ್ಳು ತಪ್ಪಿಸಿ ಒಂದು ನರವನ್ನು ಒತ್ತಿ ನೋಡಿದಳು. ಎಲೆಯೆಂಬ ಎಲೆ ಮಿಸುಕಲಿಲ್ಲ.

ಇದೇ ನರಗಳ ಜಾಲವನ್ನು ನೋಡಿ ದಂಗಾದ ಇನ್ನೊಬ್ಬನಿದ್ದ: ಜೋಸೆಫ್ ಪ್ಯಾಕ್ಸ್‌ಟನ್, ಇಂಗ್ಲೆಂಡಿನ ಚಾಟ್ಸ್‌ವರ್ತ್ ಅರಮನೆಯ ತೋಟದ ಮುಖ್ಯಸ್ಥ. 1849ರಲ್ಲಿ ಬಿಸಿನೀರಿನ ತೊಟ್ಟಿ ಕಟ್ಟಿಸಿ ಈ ಗಿಡದಲ್ಲಿ ಹೂ ಅರಳಿಸಿದವನು, ಎಲೆ ಎಷ್ಟು ಭಾರ ಹೊರುತ್ತದೆ ನೋಡೋಣವೆಂದು ತನ್ನ ಪುಟ್ಟ ಮಗಳನ್ನೇ ಅದರ ಮೇಲೆ ನಿಲ್ಲಿಸಿದ. ಎಲೆ ಹೊತ್ತಿತು! ತೆಳ್ಳನೆಯ ಹೊದಿಕೆ, ಅದನ್ನು ಹಿಡಿದಿಡುವ ಕವಲು ಪಟ್ಟಿಗಳು ಎಂಬ ಆ ಪಾಠವೇ ಅವನೇ ವಿನ್ಯಾಸ ಮಾಡಿದ 1851ರ ಲಂಡನ್ನಿನ ಗಾಜಿನ ಕಟ್ಟಡ ಕ್ರಿಸ್ಟಲ್ ಪ್ಯಾಲೇಸ್‌ಗೆ ದಾರಿ ತೋರಿತು. ಆ ಕ್ರಿಸ್ಟಲ್ ಪ್ಯಾಲೇಸ್‌ನ ಮಾದರಿ ಹಿಡಿದೇ 1889ರಲ್ಲಿ ನಮ್ಮ ಲಾಲ್‌ಬಾಗಿನ ಗಾಜಿನ ಮನೆಗೆ ಅಡಿಗಲ್ಲು ಬಿತ್ತು. ಫಲಪುಷ್ಪ ಪ್ರದರ್ಶನಕ್ಕೆಂದು ವರ್ಷ ವರ್ಷ ನುಗ್ಗಾಡಿಕೊಂಡು ಹೋಗಿ ತಲೆಯೆತ್ತಿ ನೋಡಿದ ಆ ಕಬ್ಬಿಣದ ಕಮಾನುಗಳ ಮುತ್ತಜ್ಜಿ, ನೀರು ತೊಟ್ಟಿಕ್ಕಿಸುತ್ತಾ ನಮ್ಮ ಕಾಲ ಬಳಿ ಬಿದ್ದಿದ್ದಳು.

ಹೂವಿನ ಕತೆ ಇನ್ನೂ ಸೊಗಸು. ಮೊದಲ ಸಂಜೆ ಬೆಳ್ಳಗೆ ಅರಳುತ್ತದೆ, ಒಳಗೆ ಬೆಚ್ಚಗಾಗುತ್ತದೆ, ಹಣ್ಣಿನ ಪರಿಮಳ ಬಿಡುತ್ತದೆ. ಅಮೆಜಾನ್‌ನಲ್ಲಾದರೆ ಆ ಪರಿಮಳಕ್ಕೆ ಜೀರುಂಡೆಗಳು ಒಳನುಗ್ಗುತ್ತವೆ, ಹೂವು ಮುಚ್ಚಿಕೊಂಡು ಅವನ್ನು ಒಳಗೇ ಕೂಡಿಹಾಕುತ್ತದೆ. ಮೊದಲ ರಾತ್ರಿ ಹೆಣ್ಣಾಗಿದ್ದ ಹೂವು ಮರುದಿನಕ್ಕೆ ಗಂಡಾಗಿ, ಬಣ್ಣ ಗುಲಾಬಿಗೆ ತಿರುಗಿ, ಜೀರುಂಡೆಗಳ ಮೈಗೆ ಪರಾಗ ಮೆತ್ತಿ ಬಿಟ್ಟುಕೊಡುತ್ತದೆ. ಅವು ಮತ್ತೊಂದು ಬಿಳಿ ಹೂವು ಹುಡುಕಿ ಹಾರುತ್ತವೆ. ಎರಡೇ ರಾತ್ರಿಗಳಲ್ಲಿ ಇಷ್ಟೆಲ್ಲ!

ಕೊಳದಿಂದ ನಮ್ಮನ್ನು ಎಬ್ಬಿಸಿಕೊಂಡು ಹೊರಟ ಗೈಡ್ ದಾರಿಯುದ್ದಕ್ಕೂ ಒಂದೊಂದು ಎಲೆ ಹಿಸುಕಿ ಮೂಗಿಗೆ ಹಿಡಿಯುತ್ತಿದ್ದ. ದಾಲ್ಚಿನ್ನಿ, ಕರ್ಪೂರ, ಲವಂಗ. ಅವನು ಹೆಸರು ಹೇಳುವ ಮೊದಲೇ ಅಮ್ಮ ಹೇಳಿಬಿಡುತ್ತಿದ್ದಳು. ಅಡಿಕೆ ತೋಟದ ನಡುವೆ ಜಾಯಿಕಾಯಿ, ಲವಂಗ ಬೆಳೆಸಿದ ಹೊನ್ನಾವರದ ಕಡೆಯವಳು, ಅವಳಿಗೆ ಪರೀಕ್ಷೆಯೇ? ಆದರೆ ಮುಂದಿನ ಕತೆಗೆ ಅಮ್ಮನೂ ಬೆರಗಾದಳು. ಡಚ್ಚರು ಜಾಯಿಕಾಯಿ, ಲವಂಗಗಳನ್ನು ಮೊಲುಕ್ಕಾ ದ್ವೀಪಗಳಲ್ಲಿ ಬಿಗಿಯಾಗಿ ಹಿಡಿದಿಟ್ಟ ಕಾಲ ಅದು. ಬೇರೆಲ್ಲೂ ಮೊಳಕೆಯೊಡೆಯದಿರಲೆಂದು ಜಾಯಿಕಾಯಿಯನ್ನು ಸುಣ್ಣದಲ್ಲಿ ಅದ್ದಿಯೇ ಮಾರುತ್ತಿದ್ದರಂತೆ. ತಮ್ಮ ಹಿಡಿತಕ್ಕೆ ಸಿಗದ ದ್ವೀಪಗಳ ಲವಂಗದ ಮರಗಳನ್ನು ಕಡಿಸುತ್ತಿದ್ದರು. ಆ ಬೀಗ ಒಡೆದವನು ಪಿಯೇರ್ ಪ್ವಾವ್ರ್ ಎಂಬ ಫ್ರೆಂಚಿಗ. ಸಮುದ್ರದ ಕಾಳಗದಲ್ಲಿ ಇಂಗ್ಲಿಷರ ಗುಂಡಿಗೆ ಬಲಗೈಯನ್ನೇ ಕಳೆದುಕೊಂಡವನು! 1767ರಲ್ಲಿ ಈ ದ್ವೀಪದ ಆಡಳಿತಾಧಿಕಾರಿಯಾಗಿ ಬಂದು, ಹಡಗು ಕಳಿಸಿ, ಡಚ್ಚರ ಕಣ್ಣು ತಪ್ಪಿಸಿ ಸಸಿಗಳನ್ನು ತರಿಸಿ 1770ರ ಹೊತ್ತಿಗೆ ಇದೇ ಮಣ್ಣಲ್ಲಿ ನೆಡಿಸಿದ. ಅವನ ಬಳಿಕ ತೋಟ ನೋಡಿಕೊಂಡ ಸೆರೆ ಎಂಬಾತ ಅವುಗಳನ್ನು ಮಕ್ಕಳಂತೆ ಸಾಕಿ ಫಲ ಬಿಡಿಸಿದ. ಮುಂದೆ ಜಾಂಜಿಬಾರ್ ಲವಂಗದ ನಾಡಾಗಿ ಹೆಸರಾದದ್ದಕ್ಕೂ ಫ್ರೆಂಚರು ಹೀಗೆ ಬೆಳೆಸಿದ ಸಸಿಗಳೇ ಮೂಲ. ಟಿಪ್ಪು ತನ್ನ ತೋಟಗಳಿಗೆ ಗಿಡ, ಬೀಜ ತರಿಸಿಕೊಂಡ ನಾಡುಗಳ ಪಟ್ಟಿಯಲ್ಲೂ ಮಾರಿಷಸ್ ಇದೆ.

ಮುಂದೆ ತೋಟದಲ್ಲೇ ಸಾಕಿರುವ, ಆಲ್ಡಾಬ್ರಾ ದ್ವೀಪದ ದೈತ್ಯ ಆಮೆಗಳನ್ನು ಮಗ ಬಿಟ್ಟು ಬರಲೊಲ್ಲ. ಈ ದ್ವೀಪದ ಸ್ವಂತ ದೈತ್ಯ ಆಮೆಗಳು ಡೋಡೋ ಹಕ್ಕಿಯ ಹಾಗೆಯೇ ಅಳಿದುಹೋದವು ಎಂದು ಕೇಳಿ ಅವನ ಮುಖ ಬಾಡಿತು. ನನ್ನದೂ.

ಆಮೇಲೆ ಬಂದದ್ದು ಶ್ರೀತಾಳೆ. ಆಳೆತ್ತರವನ್ನೂ ಮೀರಿಸುವ ಬೀಸಣಿಗೆ ಗರಿಗಳು, ಆನೆಗಾಲಿನಂಥ ಕಾಂಡ. ಬದುಕಿನಲ್ಲಿ ಒಂದೇ ಸಲ, ಮೂವತ್ತು ವರ್ಷಕ್ಕೋ ಅರವತ್ತಕ್ಕೋ, ಹೂ ಬಿಡುವ ಮರ. ಕೂಡಿಟ್ಟದ್ದನ್ನೆಲ್ಲ ಒಂದೇ ಸಲಕ್ಕೆ ಸುರಿದು ತುದಿಯಲ್ಲಿ ಲಕ್ಷಾಂತರ ಹೂಗಳ ಗೊಂಚಲು ಎತ್ತುತ್ತದೆ. ಜಗತ್ತಿನ ಯಾವ ಸಸ್ಯಕ್ಕೂ ಇಷ್ಟು ದೊಡ್ಡ ಕವಲು ಹೂಗೊಂಚಲಿಲ್ಲ. ಕಾಯಿ ಬಲಿತು ಉದುರಿದ ಮೇಲೆ ಮರವೂ ಸಾಯುತ್ತದೆ.

“ಇದರ ಮೇಲೆ ಬರೀತಿದ್ದರು ಅಂತ ಅವನಿಗೆ ಹೇಳೇ,” ಎಂದಳು ಅಮ್ಮ. ಹೇಳಿದೆ. ಗೈಡ್ ತಲೆಯಾಡಿಸಿದ, ಆದರೆ ಹೇಗೆಂದು ಅವನಿಗೆ ಗೊತ್ತಿರಲಿಲ್ಲ. ಅಮ್ಮ ಶುರುಮಾಡಿದಳು: ಗರಿಯನ್ನು ಬೇಯಿಸಿ, ಒಣಗಿಸಿ, ತಿಕ್ಕಿ ನುಣುಪು ಮಾಡಿ, ಅಳತೆಗೆ ಕತ್ತರಿಸಿ, ಕಬ್ಬಿಣದ ಕಂಟದಿಂದ ಕೊರೆದು, ಕೊರೆದಲ್ಲಿ ಮಸಿ ಒರೆಸಿದರೆ ಅಕ್ಷರ ಮೂಡುತ್ತದೆ, ನೂರಾರು ವರ್ಷ ನಿಲ್ಲುತ್ತದೆ, ತನ್ನ ತವರಿನ ಅಟ್ಟದಲ್ಲಿ ಅಂಥ ಓಲೆಯ ಕಟ್ಟುಗಳಿದ್ದವು.

“ಅಜ್ಜಿ, ಬರೆದು ತೋರ್ಸು,” ಅಂದಳು ಮಗಳು, ಬುಡದಲ್ಲಿ ಬಿದ್ದಿದ್ದ ಒಣಗರಿಯ ಚೂರೊಂದನ್ನು ಹೆಕ್ಕಿಕೊಟ್ಟು. ಅಮ್ಮ ಬಳೆಗೆ ಸಿಕ್ಕಿಸಿದ್ದ ಸೇಫ್ಟಿ ಪಿನ್ ತೆಗೆದು, ಗೈಡ್‌ನ ಹೆಸರು ಕೇಳಿ, ಒಂದೊಂದೇ ಕನ್ನಡ ಅಕ್ಷರ ಕೊರೆದು ಅವನ ಕೈಗಿತ್ತಳು. ಅವನು ಅದನ್ನು ಬೆಳಕಿಗೆ ಹಿಡಿದು ನೋಡಿದ, ಬೆರಳಾಡಿಸಿದ, ಮತ್ತೆ ನೋಡಿದ. ಆಮೇಲೆ ದೂರದಲ್ಲಿದ್ದ ಜತೆಯ ಗೈಡ್‌ಗಳನ್ನು ಕ್ರಿಯೋಲ್‌ನಲ್ಲಿ ಕೂಗಿ ಕರೆದ. ಮಕ್ಕಳು ಇನ್ನಷ್ಟು ಚೂರು ಹೆಕ್ಕಲು ಮರದ ಬುಡಕ್ಕೆ ಓಡಿದರು.