ಎರೆ ನೆಲದ ಹಿತ್ತಲಲ್ಲಿ ಶಟಲ್ ಕೋರ್ಟ್: ಕಾಂಕ್ರೀಟ್‌ಗಿಂತ ಮೊದಲು ನೀರಿನ ದಾರಿ ನೋಡಿ

ನವಲಗುಂದ, ಅಣ್ಣಿಗೇರಿ, ಕುಂದಗೋಳ ಕಡೆ ಊರ ಹೊರಗಿನ ಪ್ಲಾಟ್‌ನಲ್ಲಿ ಮನೆ ಕಟ್ಟಿದವರಿಗೆ ಹಿತ್ತಲಲ್ಲೊಂದು ಶಟಲ್ ಕೋರ್ಟ್ ಮಾಡಿಸೋ ಆಸೆ ಇರುತ್ತದೆ. ಮಕ್ಕಳು ಮೊಬೈಲ್ ಬಿಟ್ಟು ಆಡಲಿ, ಅಂಗಡಿ ಬಾಗಿಲು ಹಾಕಿ ಬಂದ ಮೇಲೆ ತಾವೂ ಒಂದು ಗೇಮ್ ಆಡೋಣ ಅನ್ನೋ ಲೆಕ್ಕ. ಬೇಸಿಗೆಯಲ್ಲಿ ಜೆಸಿಬಿ ಕರೆಸಿ ನೆಲ ಸಮ ಮಾಡಿಸಿ ಕಾಂಕ್ರೀಟ್ ಹಾಕಿಸುತ್ತಾರೆ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಒಂದು ಮೂಲೆ ಎದ್ದಿರುತ್ತದೆ, ನೆಟ್ ಹತ್ತಿರ ಉದ್ದಕ್ಕೂ ಬಿರುಕು. ಮಾಲೀಕರು ಗೌಂಡಿಗೆ ಬೈತಾರೆ. "ಇನ್ನೆರಡು ಇಂಚು ದಪ್ಪ ಹಾಕಿದ್ರ ಏನೂ ಆಗ್ತಿರಲಿಲ್ರಿ" ಅಂತಾನೆ ಗೌಂಡಿ.

ದಪ್ಪ ಹಾಕಿದ್ದರೂ ಒಡೆಯುತ್ತಿತ್ತು. ಎರೆ ಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಕೋರ್ಟ್ ಹಾಕಿದ ಮೇಲೆ ನಡುವಿನ ಮಣ್ಣು ಮುಚ್ಚಿಕೊಂಡು ವರ್ಷವಿಡೀ ಹಸಿ ಇರುತ್ತದೆ. ಅಂಚಿನ ಮಣ್ಣು ಮಾತ್ರ ಮಳೆಗೆ ಏಳುತ್ತದೆ, ಬಿಸಿಲಿಗೆ ಇಳಿಯುತ್ತದೆ. ಮನೆ ಗೋಡೆಗಾದರೆ ಒತ್ತಿ ಹಿಡಿಯಲು ಒಂದಿಷ್ಟು ಭಾರ ಇದೆ. 4 ಇಂಚಿನ ಕಾಂಕ್ರೀಟ್‌ಗೆ ಆ ಭಾರ ಇಲ್ಲ, 6 ಇಂಚು ಮಾಡಿದರೂ ಸಾಲದು.

ನಿಮ್ಮ ಮಣ್ಣು ಎಷ್ಟು ಉಬ್ಬುತ್ತದೆ ಅಂತ ಮನೆಯಲ್ಲೇ ಅಂದಾಜು ಮಾಡಬಹುದು. ಒಂದೇ ಅಳತೆಯ ಎರಡು ಗಾಜಿನ ಲೋಟ ತಗೊಳ್ಳಿ. ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿದ ಮಣ್ಣನ್ನು ಎರಡರಲ್ಲೂ ಸಮ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಕಲಕಿ, ಒಂದು ದಿನ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನ ಲೋಟದ ಮಣ್ಣು ಅದರ ಒಂದೂವರೆ ಪಟ್ಟು ದಾಟಿದ್ದರೆ ಎಚ್ಚರ, ಎರಡು ಪಟ್ಟಾಗಿದ್ದರೆ ಆ ಮಣ್ಣಿನ ಮೇಲೆ ನೇರವಾಗಿ ಏನನ್ನೂ ಹಾಕಬೇಡಿ. ಪ್ರಯೋಗಾಲಯದಲ್ಲೂ ಮಾಡೋದು ಇದನ್ನೇ, ಅಳತೆ ಮಾತ್ರ ನಿಖರ.

ಇನ್ನು ಇಳಿಜಾರು. ಡಬಲ್ಸ್ ಕೋರ್ಟಿನ ಅಳತೆ 44 ಅಡಿ ಉದ್ದ, 20 ಅಡಿ ಅಗಲ. ಸುತ್ತ 3 ಅಡಿ ಬಿಟ್ಟರೆ 50 ಕ್ಕೆ 26. ನೆಲ 20 ಅಡಿಗೆ 1 ಅಡಿ ಇಳಿಯುತ್ತದೆ ಅನ್ಕೊಳ್ಳಿ. ಕೋರ್ಟಿನ ಉದ್ದವನ್ನು ಇಳಿಜಾರಿನ ದಿಕ್ಕಿಗೆ ಇಟ್ಟರೆ ಎರಡು ತುದಿಗಳ ನಡುವೆ ಎರಡೂವರೆ ಅಡಿ ವ್ಯತ್ಯಾಸ. ಅಡ್ಡಕ್ಕೆ ಇಟ್ಟರೆ ಸುಮಾರು ಒಂದಡಿ ಮೂರೂವರೆ ಇಂಚಿನಷ್ಟೇ. ಬಿಸಿಲು ಕಣ್ಣಿಗೆ ಹೊಡೆಯಬಾರದು ಅಂತ ಕೋರ್ಟನ್ನು ಉತ್ತರ–ದಕ್ಷಿಣ ಇಡೋದು ವಾಡಿಕೆ. ಎರಡೂ ಕೂಡಿ ಬಂದರೆ ಒಳ್ಳೇದು. ಬರದಿದ್ದರೆ ಇಳಿಜಾರಿನ ಮಾತೇ ನಡೆಯಲಿ, ಬಿಸಿಲು ಇಳಿದ ಮೇಲೆ ಆಡಿದರಾಯ್ತು.

ದೊಡ್ಡ ತಪ್ಪು ಆಗೋದು ಸಮ ಮಾಡುವಾಗ. ಮೇಲಿನ ಮಗ್ಗುಲಲ್ಲಿ ಕಡಿದ ಎರೆ ಮಣ್ಣನ್ನೇ ಕೆಳಗಿನ ಮಗ್ಗುಲಿಗೆ ತುಂಬುತ್ತಾರೆ. ಅರ್ಧ ಕೋರ್ಟ್ ಗಟ್ಟಿ ನೆಲದ ಮೇಲೆ, ಅರ್ಧ ಸಡಿಲ ಮಣ್ಣಿನ ಮೇಲೆ. ಬಿರುಕು ಬೀಳೋದು ಸರಿಯಾಗಿ ಆ ಗಡಿಯಲ್ಲೇ. ಕಡಿದ ಮಣ್ಣು ಹೊಲಕ್ಕೋ ಗಿಡದ ಪಾತಿಗೋ ಹೋಗಲಿ. ಕೋರ್ಟಿನ ಜಾಗದಲ್ಲಿ ಕನಿಷ್ಠ 2 ಅಡಿ ಎರೆ ತೆಗೆದು ಗರಸು ತುಂಬಿಸಬೇಕು. 50 ಕ್ಕೆ 26 ಕ್ಕೆ 2 ಅಡಿ ಅಂದರೆ 2,600 ಘನ ಅಡಿ, ಅಂದರೆ 26 ಬ್ರಾಸ್. ರೋಲರ್ ಹೊಡೆದಾಗ ಕುಗ್ಗುವುದರಿಂದ 30 ಬ್ರಾಸ್ ಮೇಲೆ ತರಿಸಬೇಕಾಗುತ್ತದೆ. ಕೆಳಗಿನ ಮಗ್ಗುಲಿನ ಭರ್ತಿ ಇದಕ್ಕೆ ಹೊರತು. ಒಮ್ಮೆಲೇ ಸುರಿಯಬಾರದು, 6 ಇಂಚಿಗೊಂದು ಪದರ, ಅದಕ್ಕೆ ನೀರು ಚಿಮುಕಿಸಿ ರೋಲರ್.

ಗರಸಿನ ಬದಲು ಉಸುಕು ಸಾಕಲ್ಲ ಅಂತ ಕೇಳುವವರಿದ್ದಾರೆ. ಬೇಡವೇ ಬೇಡ. ಎರೆಯಲ್ಲಿ ತೋಡಿದ ಗುಂಡಿ ತೊಟ್ಟಿ ಇದ್ದಂತೆ, ಉಸುಕು ತುಂಬಿದರೆ ನೀರು ಅಲ್ಲೇ ನಿಂತು ತಳದ ಎರೆಗೆ ಕುಡಿಸುತ್ತದೆ. ಸ್ವಲ್ಪ ಅಂಟು ಇರುವ, ಆದರೆ ಉಬ್ಬದ ಗರಸು ಬೇಕು. ಅಂಥ ಮಣ್ಣಿನ ಪದರ ಎರೆಯ ಉಬ್ಬನ್ನು ತಡೆಯುತ್ತದೆ ಅಂತ ತೋರಿಸಿಕೊಟ್ಟವರು ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿ. ಎರೆ ನೆಲದ ಕಾಲುವೆಗಳಿಗೂ ಇದೇ ಉಪಾಯ ಬಳಸುತ್ತಾರೆ.

ಗರಸು ದೂರದಿಂದ ಬರಬೇಕು, ಬಾಡಿಗೆ ಜಾಸ್ತಿ ಅನ್ನುವವರಿಗೆ ಸುಣ್ಣ ಇದೆ. ಎರೆಯ ತೂಕದ ನೂರಕ್ಕೆ 3ರಿಂದ 5 ಭಾಗ ಸುಣ್ಣದ ಪುಡಿ ಬೆರೆಸಿದರೆ ಉಬ್ಬುವ ಗುಣ ಬಹಳ ಇಳಿಯುತ್ತದೆ. ಒಂದಡಿ ದಪ್ಪಕ್ಕೆ ಸುಮಾರು 2 ಟನ್ ಹಿಡಿಯುತ್ತದೆ. ಹೆಂಟೆ ಒಡೆದು ಪುಡಿಯಾಗದಿದ್ದರೆ ಸುಣ್ಣ ಒಳಗೆ ಸೇರುವುದಿಲ್ಲ. ಟ್ರ್ಯಾಕ್ಟರ್ ರೋಟಾವೇಟರ್ ಎರಡು ಮೂರು ಸಲ ಹೊಡೆಸಬೇಕು. ಕೆಲಸದವರ ಕಣ್ಣಿಗೆ, ಕೈಗೆ ರಕ್ಷಣೆ ಕೊಡದೆ ಇದನ್ನು ಮಾಡಿಸಬಾರದು.

ಇಷ್ಟೆಲ್ಲ ಮಾಡಿ ನೀರಿನ ದಾರಿ ಮರೆತರೆ ದುಡ್ಡು ಹಳ್ಳಕ್ಕೆ ಹಾಕಿದಂತೆ. ಕೋರ್ಟಿನ ಮೇಲಿನ ಮಗ್ಗುಲಿಗೆ ಒಂದು ಗಟಾರ ತೆಗೆದು, ಹರಿದು ಬರುವ ಮಳೆನೀರನ್ನು ಪಕ್ಕಕ್ಕೆ ತಿರುಗಿಸಿ. ಕೆಳಗಿನ ಮಗ್ಗುಲಿನ ತಡೆಗೋಡೆಗೆ ನೀರು ಹೊರಬೀಳುವ ತೂತು ಬಿಡಿಸಿ. ಕೋರ್ಟಿಗೂ 10 ಅಡಿಗೆ 1 ಇಂಚು ಇಳಿಜಾರು ಇರಲಿ, ಒಂದೇ ಕಡೆಗೆ. ಆಟಕ್ಕೆ ಅದು ಗೊತ್ತೇ ಆಗುವುದಿಲ್ಲ. ನಮ್ಮ ಕಡೆ ಬಚ್ಚಲ ನೀರನ್ನು ಹಿತ್ತಲಿಗೆ ಬಿಡುವ ರೂಢಿ ಇದೆಯಲ್ಲ, ದಿನಾಲೂ ಹಸಿಯಾಗುವ ಆ ಮೂಲೆಯೇ ಮೊದಲು ಏಳೋದು. ಅದಕ್ಕೆ ಪೈಪ್ ಹಾಕಿಸಿ ದೂರ ಒಯ್ಯಿರಿ. ಅಂಚಿಗೆ ತೆಂಗು, ಬಾಳೆ ಬೇಡ. ದೊಡ್ಡ ಬೇವಿನ ಮರವಿದ್ದರೆ ಅದು ನೀರು ಹೀರಿ ಆ ಕಡೆಯ ನೆಲವನ್ನು ಕುಗ್ಗಿಸುತ್ತದೆ, ಕೋರ್ಟನ್ನೇ ಆಚೆ ಸರಿಸಿ.

ಕೆಲಸಕ್ಕೆ ಒಳ್ಳೆ ಹೊತ್ತು ದೀಪಾವಳಿ ಮುಗಿದು ಸಂಕ್ರಾಂತಿ ಬರುವುದರೊಳಗೆ. ಮೇ ತಿಂಗಳಲ್ಲಿ ಮಣ್ಣು ಒಣಗಿ ಪೂರ್ತಿ ಕುಗ್ಗಿರುತ್ತದೆ, ಆಗ ಹಾಕಿದ ಕೋರ್ಟ್ ಮುಂದೆ ಏಳಲೇಬೇಕು. ಗರಸು ತುಂಬಿ ರೋಲರ್ ಹೊಡೆಸಿ ಒಂದು ಮಳೆಗಾಲ ಹಾಗೇ ಬಿಡುವವರು ಜಾಣರು. ಎಲ್ಲಿ ಕುಸಿಯಿತು, ಎಲ್ಲಿ ನೀರು ನಿಂತಿತು ಅಂತ ಕಣ್ಣಿಗೇ ಕಾಣುತ್ತದೆ, ತಿದ್ದಲು ಎರಡು ಟ್ರಾಲಿ ಗರಸು ಸಾಕು. ಅಲ್ಲಿವರೆಗೆ ಸುಣ್ಣದ ಗೆರೆ ಎಳೆದು, ನೆಟ್ ಕಟ್ಟಿ ಗರಸಿನ ಮೇಲೇ ಆಡಬಹುದು. ಮುಂದಿನ ಚಳಿಗಾಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ 4 ಇಂಚು ಕಾಂಕ್ರೀಟ್ ಹಾಕಿಸಿ, 8–10 ಅಡಿಗೊಂದು ಜಾಯಿಂಟ್ ಕೊಯ್ಸಿ. ನೆಟ್ ಕಂಬಗಳ ಪಾಯ ಮಾತ್ರ ಕಾಂಕ್ರೀಟ್‌ಗೆ ಅಂಟದಂತೆ ಬೇರೆಯೇ ಇರಲಿ.